ದಪ್ಪ ಅಂದರು ಸರಿ, ಎಷ್ಟು ದಪ್ಪ ಅಂತ ಕೇಳಿದೆಯಾ?

ಪ್ರೀತಿಯ ಗೆಳೆಯಾ,

ನಿನ್ನ ಕಾಗದ ಓದಿದೆ. ಹೊಗೆಸೊಪ್ಪು ಸೇದುವ ಪೈಪ್ ಮಾಡುವುದನ್ನು ಕಲಿಯುತ್ತಾ ವಾರಗಟ್ಟಲೆ ಕೂತು ಮಾಡಿದ ಮೊದಲ ಪೈಪನ್ನು, ಈ ಕೆಲಸದಲ್ಲಿ ಪಳಗಿದ ಆ ಹಿರಿಯರು ಒಂದು ನಿಮಿಷ ಕೈಯಲ್ಲಿ ಹಿಡಿದು, "ಒಳ್ಳೆಯ ಮರ ಹಾಳು ಮಾಡಿದ್ದೀಯ. ಹೊಗೆ ಬರುವ ಗಾಳಿತೂತು ಮೇಲೆ ಬಂದಿದೆ, ಮರಕ್ಕೂ ಸ್ಟೆಮ್ಮಿಗೂ ನಡುವಿನ ಜಾಯಿಂಟಿನಲ್ಲಿ ಬೆಳಕು ಕಾಣುತ್ತದೆ, ಬಾಯಲ್ಲಿಡುವ ಸ್ಟೆಮ್ ದಪ್ಪ" ಅಂದರು ಅಂತ ಬರೆದಿದ್ದೀಯ. ಇದ್ದದ್ದು ಇದ್ದ ಹಾಗೆ ಹೇಳಿದರೆ ಎದ್ದು ಬಂದು ಎದೆಗೆ ಒದ್ದರು ಅನ್ನುವ ಗಾದೆ ನಮ್ಮಲ್ಲಿ ಸುಮ್ಮನೆ ಹುಟ್ಟಿದ್ದಲ್ಲ, ಅಂಥ ಮಾತು ಕೇಳಿಸಿಕೊಳ್ಳುವುದು ಕಷ್ಟವೇ. ಆದರೆ ಮರ ಹಾಳಾದ ಮಾತನ್ನು ಪಕ್ಕಕ್ಕಿಡು. ಉಳಿದ ಮೂರನ್ನೂ ಸ್ಕೇಲು, ಕ್ಯಾಲಿಪರ್ ಹಿಡಿದು ಅಳೆಯಬಹುದು. ಅಂದರೆ ಅವರು ನಿನಗೆ ಬೈದಿಲ್ಲ, ಮೂರು ಕೆಲಸ ಹೇಳಿದ್ದಾರೆ.

ಅವರ ಕೈ ಏನು ಮಾಡಿತು ಅಂತ ನೆನಪಿಸಿಕೊ. ಪಳಗಿದವರು ಮೊದಲು ಮರದ ಎಳೆಯ ಚಂದ ನೋಡುವುದಿಲ್ಲ. ಸ್ಟೆಮ್ ತಿರುಗಿಸಿ ಹೊರಗೆಳೆಯುತ್ತಾರೆ, ಹೊಗೆಸೊಪ್ಪು ತುಂಬುವ ಬಟ್ಟಲಿನೊಳಗೆ ಇಣುಕುತ್ತಾರೆ, ಮತ್ತೆ ಜೋಡಿಸಿ ಖಾಲಿ ಪೈಪನ್ನೇ ಎಳೆದು ಸದ್ದು ಕೇಳುತ್ತಾರೆ. ಸಿಳ್ಳೆ ಬಂದರೆ ಒಳಗೆಲ್ಲೋ ದಾರಿ ಇಕ್ಕಟ್ಟಾಗಿದೆ ಅಂತ ಲೆಕ್ಕ. ಆಮೇಲೆ ಪೈಪ್ ಕ್ಲೀನರ್ ತೂರಿಸುತ್ತಾರೆ, ಕೊನೆಗೆ ಜಾಯಿಂಟಿನ ಮೇಲೆ ಹೆಬ್ಬೆರಳಿನ ಉಗುರು ಎಳೆಯುತ್ತಾರೆ. ಉಗುರು ಎಡವಿದ ಜಾಗದಲ್ಲಿ ಬಾಯಿ ತೆರೆಯುತ್ತಾರೆ.

ಗಾಳಿತೂತಿನ ಮಾತು ಮೂರರಲ್ಲಿ ದೊಡ್ಡದು. ಸುಮಾರು 4 ಮಿ.ಮೀ. ಅಗಲದ ಆ ತೂತು ಬಟ್ಟಲಿನ ತಳಕ್ಕೆ, ನಟ್ಟ ನಡುವೆ ಬಂದು ಸೇರಬೇಕು. 3 ಮಿ.ಮೀ. ಮೇಲೆ ಸೇರಿತೋ, ಅದರ ಕೆಳಗಿನ ಹೊಗೆಸೊಪ್ಪಿಗೆ ಗಾಳಿ ಸಿಗುವುದಿಲ್ಲ. ಅದು ಉರಿಯದೆ ಒದ್ದೆ ಮುದ್ದೆಯಾಗಿ ತಳದಲ್ಲಿ ಉಳಿಯುತ್ತದೆ. ಬಹಳ ಸಲ ಇಲ್ಲಿ ತಪ್ಪಿರುವುದು ಗಾಳಿತೂತಲ್ಲ, ಬಟ್ಟಲನ್ನೇ ಹೆಚ್ಚು ಆಳ ಕೊರೆದಿರುತ್ತಾರೆ. 19 ಅಥವಾ 20 ಮಿ.ಮೀ. ಡ್ರಿಲ್ ಬಿಟ್ಟಿನ ಮೂತಿಯನ್ನು ದುಂಡಗೆ ಸಾಣೆ ಹಿಡಿದು ಬಳಸುತ್ತೀಯಲ್ಲ, ಅದನ್ನು ಗುರುತಿಗಿಂತ 2 ಮಿ.ಮೀ. ಮೊದಲೇ ನಿಲ್ಲಿಸು. ಟಾರ್ಚ್ ಹಾಕಿ ನೋಡು. ಆಮೇಲೆ ಅರ್ಧರ್ಧ ಮಿ.ಮೀ. ಇಳಿಸುತ್ತಾ, ತಳವೂ ತೂತಿನ ಕೆಳಅಂಚೂ ಒಂದಾದ ಕೂಡಲೇ ಕೈ ತೆಗೆ. ಪಕ್ಕಕ್ಕೆ ಸರಿದಿದ್ದರೆ ಕಾರಣ ಬೇರೆ. ಉದ್ದನೆಯ ಸಣ್ಣ ಡ್ರಿಲ್ ಬಿಟ್ಟು ಗಡುಸು ಎಳೆ ಸಿಕ್ಕಿದ ಕಡೆ ಬಾಗಿಕೊಂಡು ಹೋಗುತ್ತದೆ. ಐದೈದು ಮಿ.ಮೀ.ಗೆ ಹೊರಗೆಳೆದು ಪುಡಿ ಬೀಳಿಸದಿದ್ದರೆ ಇನ್ನಷ್ಟು ಬಾಗುತ್ತದೆ. ಪಕ್ಕಕ್ಕೆ ಸರಿದದ್ದಕ್ಕೆ ಮದ್ದಿಲ್ಲ. ಆಳ ಹೆಚ್ಚಾದದ್ದಕ್ಕಾದರೆ ಚುಟ್ಟದ ಬೂದಿಯನ್ನು ನೀರಿನಲ್ಲಿ ಕಲಸಿ ತಳಕ್ಕೆ ಮೆತ್ತಿ ಒಣಗಿಸುವ ರೂಢಿ ಇದೆ.

ನೀನಿರುವ ಡೆನ್ಮಾರ್ಕಿನಲ್ಲಿ ಸಿಕ್ಸ್‌ಟನ್ ಇವಾರ್ಸನ್ ಅನ್ನುವ ಹೆಸರಾಂತ ಪೈಪ್ ಕುಶಲಕರ್ಮಿ ಮೊದಲು ಆಕಾರ ಕೆತ್ತಿ ಆಮೇಲೆ ಕೊರೆಯುವ ದಾರಿ ಹಾಕಿಕೊಟ್ಟರು. ಮರದ ಎಳೆಗೆ ತಕ್ಕ ಆಕಾರ ಹುಡುಕುವವರಿಗೆ ಅದು ವರ. ಆದರೆ ಹೊಸಬರಿಗೆ ಅದು ಬೇಡ ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ. ನಾಲ್ಕೂ ಮೈ ಮೂಲೆಮಟ್ಟಕ್ಕಿರುವ ಮರದ ಬ್ಲಾಕಿನಲ್ಲಿ ಮೊದಲು ಕೊರೆ. ತಪ್ಪಿದರೆ ಎಷ್ಟು ತಪ್ಪಿತು ಅಂತಲಾದರೂ ಗೊತ್ತಾಗುತ್ತದೆ.

ಇನ್ನು ಜಾಯಿಂಟು. ಬೆಳಕು ಕಾಣುವುದಕ್ಕೆ ಎರಡೇ ಕಾರಣ ಸಾಮಾನ್ಯ. ಒಂದು, ಮರದ ಕತ್ತಿನ ತುದಿಮುಖ ತೂತಿಗೆ ಸರಿಯಾಗಿ 90 ಡಿಗ್ರಿಯಲ್ಲಿಲ್ಲ. ಸ್ಟೆಮ್ ಕೂರುವ 8 ಮಿ.ಮೀ. ತೂತು ಕೊರೆದ ಹಿಡಿತದಿಂದ ಬ್ಲಾಕನ್ನು ಬಿಚ್ಚದೆ, ಅಲ್ಲೇ ಮುಖವನ್ನೂ ಸವರಿಬಿಡು. ಬಿಚ್ಚಿ ಮತ್ತೆ ಕಟ್ಟಿದೆಯೋ, ಆ ಲೆಕ್ಕ ತಪ್ಪಿತು. ಎರಡು, ಸ್ಟೆಮ್ಮನ್ನೂ ಮರವನ್ನೂ ಬೇರೆಬೇರೆಯಾಗಿ ಉಜ್ಜಿದ್ದೀಯ, ಅಂಚುಗಳು ದುಂಡಗಾಗಿವೆ. ಜೋಡಿಸಿಯೇ ಉಜ್ಜಬೇಕು, ಅದೂ ಸ್ಯಾಂಡ್‌ಪೇಪರನ್ನು ಗಟ್ಟಿ ಪಟ್ಟಿಗೆ ಸುತ್ತಿಕೊಂಡು. ಬರಿ ಬೆರಳು ಮೆತ್ತಗಿರುವುದರಿಂದ ಅಂಚನ್ನು ತಿಂದುಹಾಕುತ್ತದೆ. ಮರದೊಳಗೆ ಕೂರುವ ಸ್ಟೆಮ್ಮಿನ ಮೂತಿ, ಅಂದರೆ ಟೆನನ್ನು, ತೂತಿನ ಆಳಕ್ಕಿಂತ ಅರ್ಧ ಮಿ.ಮೀ. ಗಿಡ್ಡವಿರಲಿ. ಉದ್ದವಾದರೆ ಮುಖ ಕೂರುವುದಿಲ್ಲ. ತೀರ ಗಿಡ್ಡವಾದರೆ ಆ ಖಾಲಿ ಜಾಗದಲ್ಲಿ ಹೊಗೆಯ ತೇವ ನಿಂತು ಸೇದುವಾಗ ಗುಳುಗುಳು ಅನ್ನುತ್ತದೆ. ಡೆಲ್ರಿನ್ ಅನ್ನುವ ಪ್ಲಾಸ್ಟಿಕ್ಕಿನ ಟೆನನ್ನಾದರೆ ಅದಕ್ಕೆ ಅಂಟು ಸುಲಭಕ್ಕೆ ಹಿಡಿಯುವುದಿಲ್ಲ, ಮೈಮೇಲೆ ಗೀರು ಹಾಕಿಕೊಂಡು ಎಪಾಕ್ಸಿ ಹಚ್ಚು.

ಸ್ಟೆಮ್ ದಪ್ಪ ಅಂದದ್ದು ಹಲ್ಲಿನಲ್ಲಿ ಕಚ್ಚುವ ಜಾಗದ ಮಾತು. ಕ್ಯಾಲಿಪರ್ ಇಟ್ಟು ನೋಡು, ನಿನ್ನದು 5.5 ಅಥವಾ 6 ಇರಬಹುದು. 4 ಮಿ.ಮೀ. ಹತ್ತಿರಕ್ಕೆ ಬಂದರೆ ಬಾಯಿಗೆ ಸುಖ. ಅಷ್ಟು ತೆಳ್ಳಗಾಗಲು ಒಳಗಿನ ದಾರಿ ದುಂಡಗಿದ್ದರೆ ಆಗದು, ತುದಿಗೆ ಬರುತ್ತಾ ಎತ್ತರ ಇಳಿದು ಅಗಲ ಹೆಚ್ಚಬೇಕು. ಲೆಕ್ಕ ನೋಡು: 4 ಮಿ.ಮೀ. ದುಂಡು ತೂತಿನ ಬಾಯಿ ಸುಮಾರು 12.5 ಚದರ ಮಿ.ಮೀ. ತುದಿಯ ಸೀಳು 1.2 ಮಿ.ಮೀ. ಎತ್ತರ, 10.5 ಮಿ.ಮೀ. ಅಗಲ ಇದ್ದರೆ ಹೆಚ್ಚುಕಡಿಮೆ ಅಷ್ಟೇ ಆಯಿತು. ಸಣ್ಣ ಸೂಜಿ ಅರಗಳಿಂದ ಒಳಗೆ ವಿ ಆಕಾರಕ್ಕೆ ತೆರೆದುಕೊಂಡು ಹೋಗು. ಮೆಟ್ಟಿಲು ಉಳಿದರೆ ಕ್ಲೀನರ್ ತಗಲುತ್ತದೆ. ಹೊರಮೈಯನ್ನು ತೆಳ್ಳಗೆ ಮಾಡುವುದು ಒಳಗಿನ ಈ ಕೆಲಸ ಮುಗಿದ ಮೇಲೆ.

ಅವರು ಹೇಳದೆ ಬಿಟ್ಟದ್ದನ್ನು ಫೋಟೋದಲ್ಲಿ ಕಂಡು ನಾನೇ ಹೇಳುತ್ತೇನೆ, ಬೇಸರ ಬೇಡ. ಬಟ್ಟಲಿನ ಮೇಲಿರುವ ಆ ಬಣ್ಣ ಹಿಡಿಯದ ಚುಕ್ಕೆ ಪುಟ್ಟಿ ತಾನೆ? ಪೈಪಿನ ಮರ ಸಿಗುವ ಬ್ರೈಯರ್ ಗಡ್ಡೆ ಮೆಡಿಟರೇನಿಯನ್ ಕರಾವಳಿಯ ಕಲ್ಲುನೆಲದಲ್ಲಿ ಬೆಳೆಯುವಂಥದ್ದು. ಅದರೊಳಗೆ ಕುಳಿ ಇದ್ದೇ ಇರುತ್ತದೆ, ಕೆಲವು ಕೊನೆಯ ಉಜ್ಜಿನಲ್ಲೇ ಬಾಯಿ ಬಿಡುತ್ತವೆ. ಕುಳಿ ನಿನ್ನ ತಪ್ಪಲ್ಲ, ಮುಚ್ಚಿದ್ದು ತಪ್ಪು. ಹಾಗೇ ಬಿಡು, ಇಲ್ಲವೇ ಆ ಮೈಯನ್ನೆಲ್ಲ ಒರಟಾಗಿ ಕೆತ್ತು. ಬಟ್ಟಲಿನ ಪಕ್ಕದಲ್ಲಿ ಅಡ್ಡ ಗೀರುಗಳೂ ಇವೆ. ಸ್ಯಾಂಡ್‌ಪೇಪರಿನಲ್ಲಿ 220ನೇ ನಂಬರಿನಿಂದ ನೇರ 600ಕ್ಕೆ ಹಾರಿದ್ದೀಯ ಅನ್ನಿಸುತ್ತದೆ. ನಡುವೆ 320, 400 ಬೇಕೇ ಬೇಕು.

ಮುಂದಿನ ಸಲ ಅವರು "ದಪ್ಪ" ಅಂದಾಗ "ನಾನು ಬೇಕಂತಲೇ ಹಾಗೆ ಮಾಡಿದ್ದು" ಅನ್ನಬೇಡ. ನಿನ್ನ ಉದ್ದೇಶ ಏನೇ ಇದ್ದರೂ ಅವರ ಬೆರಳಿಗೆ ಸಿಕ್ಕಿದ್ದು ದಪ್ಪವೇ. "ಎಲ್ಲಿಂದ, ಎಷ್ಟು ಇಳಿಸಲಿ?" ಅಂತ ಕೇಳಿ ಪೆನ್ಸಿಲನ್ನು ಅವರ ಕೈಗೇ ಕೊಡು, ಪೈಪಿನ ಮೇಲೆಯೇ ಗುರುತು ಹಾಕಿಕೊಡಲಿ. ಇಬ್ಬರು ಹಿರಿಯರು ಎರಡು ಮಾತು ಹೇಳಿದರೆ ಗಾಬರಿ ಬೀಳಬೇಡ. ಆಕಾರದ ವಿಚಾರದಲ್ಲಿ ಅಭಿರುಚಿ ಬೇರೆ ಇರುತ್ತದೆ, ನಿನಗೆ ಒಪ್ಪಿದ್ದನ್ನು ಹಿಡಿ. ಗಾಳಿತೂತು, ಜಾಯಿಂಟು, ಕಚ್ಚುವ ತುದಿ ಈ ಮೂರರಲ್ಲಿ ಮಾತ್ರ ನಿನ್ನ ಅಭಿರುಚಿ ತರಬೇಡ.

ಈ ಪೈಪಿನ ಸ್ಟೆಮ್ ತೆಳ್ಳಗೆ ಮಾಡು, ಅದು ಕೈಗೆ ಅಭ್ಯಾಸವಾಗುತ್ತದೆ. ಜಾಯಿಂಟು, ತೂತುಗಳನ್ನು ಹೊಸ ಬ್ಲಾಕಿನಲ್ಲಿ ನೋಡಿಕೊ. ಅದೂ ಬಿಲಿಯರ್ಡ್ ಅನ್ನುವ ನೇರವಾದ, ಸರಳ ಪೈಪ್ ಆಕಾರವೇ ಇರಲಿ. ಬ್ಲಾಕಿನ ಪಕ್ಕದಲ್ಲಿ ಬಟ್ಟಲಿನ ನಡುಗೆರೆ, ಗಾಳಿತೂತಿನ ಗೆರೆ ಎರಡನ್ನೂ ಎಳೆದು, ಡ್ರಿಲ್ ಮುಟ್ಟುವ ಮೊದಲೇ ಆ ಹಿರಿಯರ ಹತ್ತಿರ ಒಯ್ದು ತೋರಿಸು. ಅವರು ಏನಂದರು ಅಂತ ನನಗೂ ಬರಿ, ಅಳತೆ ಸಮೇತ.

ನಿನ್ನ ಗೆಳೆಯ