ಬರೀ ಬಡ್ಡಿ ಕಟ್ಟುತ್ತಿದ್ದೇನೆ, ತೋಮ

ಪ್ರೀತಿಯ ತೋಮ,

ನಿನ್ನ ನಿಜವಾದ ಹೆಸರು ಬರೆದರೆ ಜಗಳಕ್ಕೆ ಬರುತ್ತೀಯ. ಈ ಹೆಸರು ಬರೆದರೂ ಬರುತ್ತೀಯ. ಇರಲಿ. ಇದನ್ನು ನಾಲ್ಕು ಜನ ಓದುತ್ತಾರೆ ಅಂತ ಗೊತ್ತಿದ್ದೇ ಬರೆಯುತ್ತಿದ್ದೇನೆ, ಹಾಗಾಗಿ ಕತ್ತೆಯ ವಿಷಯ ಎತ್ತುವುದಿಲ್ಲ. ನೀನೂ ಕೊಡೆಯ ವಿಷಯ ಎತ್ತಬೇಡ. ಲೆಕ್ಕ ಸಮ.

ಸುದ್ದಿ ಏನಪ್ಪಾ ಅಂದರೆ, ಹೋದ ಭಾನುವಾರ ಚರ್ಚಿನ ಯುವಕರ ಕೂಟದಲ್ಲಿ ನಾನು ಮಾತಾಡಿದೆ. ನಗಬೇಡ. ಸಭಾಪಾಲಕರೇ ಕರೆದು, "ದಿನದಿನದ ಬದುಕಲ್ಲಿ ನಂಬಿಕೆ, ಹತ್ತು ನಿಮಿಷ ಸಾಕು" ಅಂದರು. ನಾನು ಇಪ್ಪತ್ತೈದು ನಿಮಿಷ ತಗೊಂಡೆ. ಮೈಕ್ ಕೈಗೆ ಸಿಕ್ಕರೆ ನನಗೆ ಏನಾಗುತ್ತದೆ ಅಂತ ನಿನಗಿಂತ ಚೆನ್ನಾಗಿ ಯಾರಿಗೆ ಗೊತ್ತು?

ತಯಾರಿ ಮಾತ್ರ ಜೋರಾಗಿತ್ತು ಕಣೋ. ಬೈಬಲಿನಲ್ಲಿ ಯಾಕೋಬನ ಹೆಸರಿನ ಪತ್ರ ಇದೆಯಲ್ಲ, ಯಾಕೋಬನ ಪತ್ರಿಕೆ, ಅದನ್ನು ಹಿಡಿದುಕೊಂಡೆ, 2ನೇ ಅಧ್ಯಾಯ. ಮೈಮೇಲೆ ಬಟ್ಟೆಯಿಲ್ಲದೆ, ಹೊಟ್ಟೆಗಿಲ್ಲದೆ ಒಬ್ಬ ಬಂದು ನಿಂತಿದ್ದಾನೆ. ಅವನಿಗೆ "ಹೋಗಿ ಬಾ, ಬೆಚ್ಚಗಿರು, ಹೊಟ್ಟೆ ತುಂಬ ಉಣ್ಣು" ಅಂತ ಬರೀ ಬಾಯಲ್ಲಿ ಹೇಳಿ ಕಳಿಸಿದರೆ ಏನು ಬಂತು ಅಂತ ಕೇಳುತ್ತಾನಲ್ಲ ಯಾಕೋಬ, ಅದೇ ಜಾಗ. ಕ್ರಿಯೆಗಳಿಲ್ಲದ ನಂಬಿಕೆ ಸತ್ತದ್ದು ಅನ್ನುವ ಮಾತು ಬರುವುದೂ ಅಲ್ಲೇ. ಪ್ರೊಟೆಸ್ಟೆಂಟ್ ಸುಧಾರಣೆ ಶುರು ಮಾಡಿದ ಲೂಥರನಿಗೆ ಈ ಪತ್ರಿಕೆ ಅಷ್ಟಾಗಿ ಹಿಡಿಸಿರಲಿಲ್ಲ, 1522ರ ತನ್ನ ಜರ್ಮನ್ ಹೊಸ ಒಡಂಬಡಿಕೆಯ ಮುನ್ನುಡಿಯಲ್ಲಿ ಇದನ್ನು ಹುಲ್ಲಿನ ಪತ್ರಿಕೆ ಅಂತ ಕರೆದುಬಿಟ್ಟ, ಆಮೇಲಿನ ಮುದ್ರಣಗಳಲ್ಲಿ ಆ ಸಾಲು ಕಾಣೆ, ಅಂತೆಲ್ಲ ಹೇಳಿದೆ. ಹುಡುಗರು ನಕ್ಕರು. ಆ ಸಾಲು ಸದ್ದಿಲ್ಲದೆ ಮಾಯವಾಗಿದ್ದು ಭಾನುವಾರ ನನಗೂ ತಮಾಷೆಯಾಗಿಯೇ ಕಂಡಿತ್ತು. ಈಗ ಅಷ್ಟು ನಗು ಬರುತ್ತಿಲ್ಲ.

ಬ್ರದರ್ ಲಾರೆನ್ಸ್‌ನನ್ನೂ ಎಳೆದು ತಂದೆ. 17ನೇ ಶತಮಾನದಲ್ಲಿ ಪ್ಯಾರಿಸ್ಸಿನ ಕಾರ್ಮೆಲೈಟ್ ಮಠದ ಅಡುಗೆಮನೆಯಲ್ಲಿ ವರ್ಷಗಟ್ಟಲೆ ದುಡಿದವನು. ಅವನಿಗೆ ಅಡುಗೆಮನೆ ಕೆಲಸ ಕಂಡರೆ ಆಗುತ್ತಲೇ ಇರಲಿಲ್ಲವಂತೆ. ಆದರೂ ಪಾತ್ರೆಗಳ ಸದ್ದಿನ ನಡುವೆ ಮಾಡಿದ್ದೂ ಪ್ರಾರ್ಥನೆಯೇ ಅಂದುಕೊಂಡು ಮಾಡಿದ. ಇದನ್ನು ಹೇಳುವಾಗ ಧ್ವನಿ ಸ್ವಲ್ಪ ತಗ್ಗಿಸಿದೆ. ಎಲ್ಲಿ ತಗ್ಗಿಸಬೇಕು ಅಂತ ನನಗೆ ಚೆನ್ನಾಗಿ ಗೊತ್ತು. ಅದೇ ನನ್ನ ರೋಗ.

ಕೊನೆಗೆ ಜಕ್ಕಾಯ. ಯೆರಿಕೋವಿನ ಸುಂಕದವರ ಮುಖ್ಯಸ್ಥ, ಗಿಡ್ಡ, ಮರ ಹತ್ತಿದವನು. ಆಸ್ತಿಯಲ್ಲಿ ಅರ್ಧ ಬಡವರಿಗೆ, ಯಾರಿಂದಾದರೂ ಅನ್ಯಾಯವಾಗಿ ಕಿತ್ತುಕೊಂಡಿದ್ದರೆ ಅದರ ನಾಲ್ಕರಷ್ಟು ವಾಪಸ್. "ನೋಡಿ, ನಂಬಿಕೆ ಜೇಬಿಗೆ ಇಳಿಯೋದು ಅಂದರೆ ಇದು" ಅಂದೆ. ಆ ಸಾಲಿಗೆ ಎರಡು ದಿನ ತಲೆ ಕೆಡಿಸಿಕೊಂಡಿದ್ದೆ.

ಆಗ ಹಿಂದಿನ ಸಾಲಿಂದ ಒಬ್ಬ ಹುಡುಗ ಕೈ ಎತ್ತಿದ. ಹದಿನಾರು ಹದಿನೇಳು ಇರಬಹುದು.

"ಅಣ್ಣ, ದುಡ್ಡು ವಾಪಸ್ ಕೊಟ್ಟ ಸರಿ. ಯಾಕೆ ಕೊಡ್ತಿದೀನಿ ಅಂತ ಅವರಿಗೆ ಹೇಳಿದನಾ?"

"ಒಳ್ಳೇ ಪ್ರಶ್ನೆ" ಅಂದೆ. ನಾನು ಹಾಗಂದರೆ ಏನರ್ಥ ಅಂತ ನಿನಗೆ ಗೊತ್ತು.

ಮನೆಗೆ ಬಂದ ಮೇಲೂ ಅದು ಬಿಡಲಿಲ್ಲ. ಬೈಬಲ್ ತೆಗೆದೆ. ಲೂಕನಲ್ಲಿ ಆ ಪ್ರಸಂಗ ಇರುವುದೇ 10 ವಚನ. ಮನೆಮನೆಗೆ ಹೋಗಿ ಹೇಳಿದನಾ ಇಲ್ಲವಾ ಅಂತ ಇಲ್ಲ. ಆದರೆ ಅವನು ಎದ್ದು ನಿಂತು, ಬಾಯಿಬಿಟ್ಟು, ಕಿತ್ತುಕೊಂಡಿದ್ದರೆ ಅನ್ನುವ ಮಾತು ಆಡಿದ್ದಾನೆ. ಹಿಂದಕ್ಕೆ ಹೋದೆ. ಅರಣ್ಯಕಾಂಡ (ರಾಮಾಯಣದ್ದಲ್ಲ, ಬೈಬಲಿನ ಹಳೇ ಒಡಂಬಡಿಕೆಯದ್ದು) 5ನೇ ಅಧ್ಯಾಯದಲ್ಲಿ ಇದಕ್ಕೆ ನಿಯಮವೇ ಇದೆ. ತಪ್ಪು ಮಾಡಿದವನು ಮೊದಲು ಅದನ್ನು ಒಪ್ಪಿಕೊಳ್ಳಬೇಕು. ಆಮೇಲೆ ಅಸಲು ಪೂರ್ತಿ ಕೊಡಬೇಕು. ಅದರ ಮೇಲೆ ಐದನೇ ಒಂದು ಪಾಲು ಸೇರಿಸಬೇಕು. ಮೊದಲು ಬಾಯಿ, ಆಮೇಲೆ ಅಸಲು, ಆಮೇಲೆ ಮೇಲುಕಾಣಿಕೆ. ಈ ಅನುಕ್ರಮ ನನ್ನ ಕಣ್ಣಿಗೆ ಇಷ್ಟು ವರ್ಷ ಬಿದ್ದೇ ಇರಲಿಲ್ಲ.

ಈಗ ವಿಷಯಕ್ಕೆ ಬರುತ್ತೇನೆ. ಇಲ್ಲಿಯವರೆಗೆ ಬರೆದು ನಿಲ್ಲಿಸೋಣ ಅಂತಲೇ ಕೂತಿದ್ದೆ, ಪತ್ರ ಚೆಂದವಾಗಿ ಮುಗಿಯುತ್ತಿತ್ತು.

ಎರಡು ತಿಂಗಳ ಹಿಂದೆ ಆಫೀಸಿನಲ್ಲಿ ಒಂದು ವರದಿ ಹೋಯಿತು. ಅದರಲ್ಲಿ ಒಂದು ಕಾಲಂ ತಪ್ಪಿತ್ತು. ಹಿಂದಿನ ತಿಂಗಳ ಅಂಕಿಗಳನ್ನೇ ಈ ತಿಂಗಳಿಗೂ ಅಂಟಿಸಿದ್ದೆ. ನಾನೇ. ಸಂಜೆ ಹೊರಡುವ ಗಡಿಬಿಡಿ. ಫೈಲನ್ನು ಕೊನೆಗೆ ಕಳಿಸಿದ್ದು ನಮ್ಮ ಟೀಮಿಗೆ ಹೊಸದಾಗಿ ಸೇರಿದ ಹುಡುಗಿ. ಮೀಟಿಂಗಿನಲ್ಲಿ ಮೇಲಿನವರು ಪರದೆ ಮೇಲೆ ಅದನ್ನೇ ಹಾಕಿ, "ಇದನ್ನ ಯಾರು ನೋಡಿದ್ದು?" ಅಂದರು. ಆಕೆ "ನಾನೇ ಕಳಿಸಿದ್ದು ಸರ್, ಸಾರಿ, ಚೆಕ್ ಮಾಡಬೇಕಿತ್ತು" ಅಂದಳು. ಅದು ಸುಳ್ಳೂ ಅಲ್ಲ. ಕಳಿಸಿದ್ದು ಅವಳೇ.

ನನ್ನ ಕೈಯಲ್ಲಿ ಪೆನ್ನಿತ್ತು. ಕ್ಯಾಪ್ ತೆಗೆಯೋದು, ಹಾಕೋದು. ಆಕೆ ನೋಟ್‌ಬುಕ್ಕಿನಲ್ಲಿ ಏನೋ ಬರೆದು ಅದರ ಕೆಳಗೆ ಗೆರೆ ಎಳೆದಳು. ಅದೇ ಗೆರೆಯ ಮೇಲೆ ಇನ್ನೊಂದು ಸಲ. ಮತ್ತೊಂದು ಸಲ. ಹಾಳೆ ಹರಿಯಿತು. ನಾನು ಅದನ್ನು ನೋಡಿದೆ ತೋಮ. ನೋಡಿ, ಪೆನ್ನಿಗೆ ಕ್ಯಾಪ್ ಹಾಕಿದೆ.

ನಾನೇನೂ ಸುಳ್ಳು ಹೇಳಲಿಲ್ಲ. ಅದೇ ನನ್ನ ಸಮಾಧಾನ. ನಿಮ್ಮ ಮಾತು ಹೌದಾದರೆ ಹೌದು, ಅಲ್ಲವಾದರೆ ಅಲ್ಲ ಎಂದಿರಲಿ ಅಂತ ಮತ್ತಾಯನ ಸುವಾರ್ತೆಯಲ್ಲಿ ಇದೆ. ನಾನು ಹೌದನ್ನೂ ಹೇಳಲಿಲ್ಲ, ಅಲ್ಲವನ್ನೂ ಹೇಳಲಿಲ್ಲ. ಎಷ್ಟು ಅಚ್ಚುಕಟ್ಟು ನೋಡು.

ಅವತ್ತಿಂದ ನಾನು ಆಕೆಗೆ ಎಷ್ಟು ಒಳ್ಳೆಯವನಾಗಿದ್ದೇನೆ ಅಂದರೆ ನೀನು ನಂಬಲ್ಲ. ಆಕೆಯ ಎರಡು ಶನಿವಾರದ ಕೆಲಸ ನಾನೇ ಮಾಡಿದೆ. ಮೀಟಿಂಗಿನಲ್ಲಿ ಹೆಸರು ಹಿಡಿದು ಹೊಗಳಿದೆ. ತರಬೇತಿಗೆ ಒಬ್ಬರನ್ನು ಕಳಿಸಬೇಕು ಅಂದಾಗ ಆಕೆಯ ಹೆಸರೇ ಕೊಟ್ಟೆ. ಹೋದ ವಾರ ಆಕೆ ಬಂದು, "ಈ ಆಫೀಸಲ್ಲಿ ನನ್ನ ಪರ ಇರೋದು ನೀವೊಬ್ಬರೇ ಸರ್" ಅಂದಳು. ನಾನು "ಛೆ ಛೆ, ಅದೆಲ್ಲ ಏನಿಲ್ಲಮ್ಮ" ಅಂದೆ. ವಿನಯ ಬೇರೆ.

ಭಾನುವಾರ ರಾತ್ರಿ ಹೊಳೆದದ್ದು ಇದು. ಎರಡು ತಿಂಗಳಿಂದ ನಾನು ಬಡ್ಡಿ ಕಟ್ಟುತ್ತಿದ್ದೇನೆ. ತಪ್ಪದೆ, ಧಾರಾಳವಾಗಿ. ಅಸಲು ಮಾತ್ರ ಇಟ್ಟ ಜಾಗದಲ್ಲೇ ಇದೆ. ಅದು ಒಂದೇ ಒಂದು ಸಾಲು: "ಆ ಕಾಲಂ ತಪ್ಪು ಮಾಡಿದ್ದು ನಾನು." ಬಡ್ಡಿ ಕಟ್ಟುವವನಿಗೆ ಇನ್ನೊಂದು ಅನುಕೂಲವೂ ಇದೆ ಕಣೋ, ಕಟ್ಟುವಾಗ ಅವನು ದಾನಿಯ ಹಾಗೆ ಕಾಣುತ್ತಾನೆ. ನನ್ನ ಕ್ರೈಸ್ತ ನಡತೆ ಅಂತ ಯಾವುದನ್ನು ನೋಡಿ ಜನ ಮೆಚ್ಚುತ್ತಾರೋ, ಅದರಲ್ಲಿ ಇಂಥ ಬಡ್ಡಿ ಎಷ್ಟಿದೆಯೋ ಅಂತ ಒಂದು ಸಲ ಅನಿಸಿದ ಮೇಲೆ ನಿದ್ದೆ ಬರಲಿಲ್ಲ.

ತಪ್ಪಿಸಿಕೊಳ್ಳಲು ದಾರಿಯನ್ನೂ ಹುಡುಕಿದೆ. ಮತ್ತಾಯ 5ರಲ್ಲಿ ಬರುತ್ತದಲ್ಲ, ಯಜ್ಞವೇದಿಯ ಹತ್ತಿರ ಕಾಣಿಕೆ ತಂದಾಗ ಸಹೋದರನಿಗೆ ನಿನ್ನ ಮೇಲೆ ಏನೋ ಇದೆ ಅಂತ ನೆನಪಾದರೆ, ಕಾಣಿಕೆ ಅಲ್ಲೇ ಬಿಟ್ಟು ಹೋಗಿ ಮೊದಲು ಒಂದಾಗು ಅಂತ. ನಾನು ವಕೀಲನ ಥರ ಓದಿದೆ. ಆಕೆಗೆ ನನ್ನ ಮೇಲೆ ಏನೂ ಇಲ್ಲ! ಗೊತ್ತಿದ್ದರೆ ತಾನೇ ಇರೋದು? ಹಾಗಾಗಿ ಈ ವಚನ ನನಗೆ ತಗಲುವುದಿಲ್ಲ. ಐದು ನಿಮಿಷ ನಿಜವಾಗಲೂ ಹಗುರ ಅನಿಸಿತು.

ಆಮೇಲೆ ಆ ದೂರ ನೆನಪಾಯಿತು. ಯೇಸು ಆ ಮಾತು ಹೇಳಿದ್ದು ಗಲಿಲಾಯದ ಬೆಟ್ಟದ ಮೇಲೆ. ಯಜ್ಞವೇದಿ ಇದ್ದದ್ದು ಯೆರೂಸಲೇಮಿನಲ್ಲಿ. ನಡುವೆ 100 ಕಿಲೋಮೀಟರಿಗೂ ಜಾಸ್ತಿ, ನಡೆದರೆ ಹಲವು ದಿನ. ಅಂದರೆ ಕೇಳುತ್ತಾ ಕೂತಿದ್ದ ಆ ರೈತ, ಆ ಮೀನುಗಾರ ಕಾಣಿಕೆಯ ಪ್ರಾಣಿಯನ್ನು ಅಲ್ಲೇ ಬಿಟ್ಟು, ಅಷ್ಟು ದೂರ ವಾಪಸ್ ನಡೆದು, ಪಕ್ಕದ ಮನೆಯವನ ಬಾಗಿಲು ತಟ್ಟಿ, ಮತ್ತೆ ಅಷ್ಟೇ ದೂರ ಹೋಗಬೇಕು. ನನಗೆ ಆಕೆಯ ಮೇಜಿಗೆ ಇರುವುದು ಹದಿನಾಲ್ಕು ಹೆಜ್ಜೆ. ಎಣಿಸಿದ್ದೇನೆ. ಸೋಮವಾರ ಎಣಿಸಿದೆ, ಮಂಗಳವಾರವೂ ಎಣಿಸಿದೆ. ನಿನ್ನೆ ಒಂಬತ್ತನೇ ಹೆಜ್ಜೆಯಲ್ಲಿ ಪ್ರಿಂಟರ್ ಕಡೆಗೆ ತಿರುಗಿದೆ. ಪ್ರಿಂಟ್ ಮಾಡುವುದು ಏನೂ ಇರಲಿಲ್ಲ. ಖಾಲಿ ಹಾಳೆ ಒಂದು ತಗೊಂಡು ಬಂದೆ.

ಮೆಸೇಜ್ ಮಾಡೋಣ ಅಂತ ಮೂರು ಸಲ ಟೈಪ್ ಮಾಡಿದೆ. ಮೂರನೆಯದು ಎಷ್ಟು ಚೆನ್ನಾಗಿ ಬಂದಿತ್ತು ಅಂದರೆ, ಅದನ್ನು ಓದಿದರೆ ಆಕೆಯೇ ನನಗೆ ಸಮಾಧಾನ ಹೇಳಬೇಕಾಗುತ್ತಿತ್ತು. ಅಳಿಸಿದೆ. ಹೇಳುವುದಾದರೆ ಮೇಲಿನವರಿಗೂ ಹೇಳಬೇಕು. ಆಕೆಗೆ ಬಿದ್ದ ಮಾತು ಬಿದ್ದದ್ದು ಎಲ್ಲರೆದುರು. ಮೂಲೆಯಲ್ಲಿ ಕರೆದು ಪಿಸುಗುಟ್ಟಿದರೆ ಅರ್ಧ ಅಸಲು. ಇದು ಗೊತ್ತಾದಾಗಿನಿಂದ ಹದಿನಾಲ್ಕು ಹೆಜ್ಜೆ ಇಪ್ಪತ್ತೆಂಟಾಗಿದೆ.

ಈಗ ನೀನು ಕೇಳುವ ಪ್ರಶ್ನೆಯೂ ಗೊತ್ತು. "ಆಕೆಗೆ ಹೇಳದೆ ಊರಿಗೆಲ್ಲ ಯಾಕೆ ಬರೆಯುತ್ತಿದ್ದೀಯ?" ಅಲ್ವಾ? ಯಾಕಂದರೆ ಇಲ್ಲಿ ಬರೆದರೆ ಕೆಳಗೆ ಯಾರಾದರೂ "ಎಷ್ಟು ಪ್ರಾಮಾಣಿಕ ಬರಹ" ಅಂತ ಹಾಕುತ್ತಾರೆ. ಇದೂ ಬಡ್ಡಿಯೇ ಇರಬೇಕು. ಥೂ, ಮನುಷ್ಯ ಎಲ್ಲಿಂದೆಲ್ಲ ಚಿಲ್ಲರೆ ಹುಟ್ಟಿಸುತ್ತಾನೆ ನೋಡು.

ಸಾಕು. ಜಾಸ್ತಿ ಆಯಿತು. ಇಷ್ಟು ಬರೆಯಬೇಕು ಅಂತ ಇರಲಿಲ್ಲ. ಯುವಕರ ಕೂಟದವರು ಮುಂದಿನ ತಿಂಗಳೂ ಬನ್ನಿ ಅಂದಿದ್ದಾರೆ. ಈ ಸಲ ನಿಜವಾಗಲೂ ಹತ್ತೇ ನಿಮಿಷ. ಆ ಹುಡುಗ ಮಾತ್ರ ಅವತ್ತು ಜ್ವರ ಬಂದು ಮನೆಯಲ್ಲಿರಲಿ ಅಂತ ಪ್ರಾರ್ಥಿಸಬೇಕೋ ಬೇಡವೋ ಯೋಚಿಸುತ್ತಿದ್ದೇನೆ. ಸಣ್ಣ ಜ್ವರ.

ನಾಳೆ ಬೆಳಿಗ್ಗೆ ಹತ್ತೂವರೆಗೆ ಮೀಟಿಂಗ್ ಇದೆ. ಅದೇ ಕೋಣೆ, ಅದೇ ಪರದೆ. ಪೆನ್ನು ಮನೆಯಲ್ಲೇ ಬಿಟ್ಟು ಹೋಗುತ್ತೇನೆ. ಸದ್ಯಕ್ಕೆ ಅಷ್ಟು ಮಾತ್ರ ಮಾತು ಕೊಡಬಲ್ಲೆ.

ಆಮೇಲೆ, ಕೈ ಬಿಸಿ ಇರುವಾಗಲೇ ಇದನ್ನೂ ಹೇಳಿಬಿಡುತ್ತೇನೆ. ಆ ಕೊಡೆ ಬಸ್ಸಲ್ಲಿ ಕಳೆದುಹೋಗಲಿಲ್ಲ. ನನ್ನ ಬಾಗಿಲ ಹಿಂದೆಯೇ ನೇತಾಡುತ್ತಿದೆ, ಆರು ವರ್ಷದಿಂದ. ಬಾಯಿಬಿಟ್ಟಿದ್ದೇನೆ, ಅಸಲೂ ಕಳಿಸುತ್ತೇನೆ. ಅದಕ್ಕಿರುವುದು ಎಂಟು ಕಡ್ಡಿ. ಐದನೇ ಒಂದು ಪಾಲು ಅಂದರೆ ಒಂದೂವರೆ ಚಿಲ್ಲರೆ ಕಡ್ಡಿ ಬರುತ್ತದೆ. ಅದನ್ನು ಹೇಗೆ ಪ್ಯಾಕ್ ಮಾಡಲಿ, ಹೇಳು.

ನಿನ್ನ,
ಇಪ್ಪತ್ತೈದು ನಿಮಿಷ