ಸಂತೆಯಲ್ಲಿ ಸಿಕ್ಕ ಅಣ್ಣನಿಗೆ ಥ್ಯಾಂಕ್ಸ್

ಕಳೆದ ಶುಕ್ರವಾರ ಮಡಿಕೇರಿ ಸಂತೆಯಲ್ಲಿ ನನ್ನ ಅಚ್ಚು ನೋಡಿಕೊಟ್ಟ ಅಣ್ಣಾ, ಹೆಸರೂ ಕೇಳದೆ ಬಂದುಬಿಟ್ಟೆ, ಕ್ಷಮಿಸಿ. ಗಾಳಕ್ಕೆ ಕಟ್ಟುವ ಸೀಸದ ಗುಂಡು ಎರಕ ಹೊಯ್ಯೋಣ ಅಂತ ತರಿಸಿದ ಹೊಸ ಅಲ್ಯೂಮಿನಿಯಂ ಅಚ್ಚು, ವಾಪಸ್ ಕಳಿಸಲು ಚೀಲದಲ್ಲಿಟ್ಟುಕೊಂಡಿದ್ದೆ. ಗುಂಡೆಲ್ಲ ಸುಕ್ಕು ಸುಕ್ಕು, ಪಕ್ಕದಲ್ಲಿ ಬ್ಲೇಡಿನಂಥ ಅಂಚು. ನೀವು ಅಚ್ಚು ಮುಚ್ಚಿ ಬೆಳಕಿಗೆ ಹಿಡಿದಿರಿ, ನಡುವೆ ಕೂದಲೆಳೆಯಷ್ಟು ಸಂದು! ಕೀಲಿನ ಹತ್ತಿರ ಸಾಸಿವೆಯಷ್ಟು ಸೀಸ ಅಂಟಿತ್ತು. ಚಾಕು ಬೇಡ, ಗೀರು ಬೀಳುತ್ತದೆ ಅಂತ ಬಿದಿರು ಕಡ್ಡಿಯಲ್ಲೇ ಎಬ್ಬಿಸಿದಿರಿ. ಸೋಪಿನಲ್ಲಿ ಎಣ್ಣೆ ತೊಳೆದು, ಪೂರ್ತಿ ಒಣಗಿಸಿ, ಹೊಯ್ಯುವ ಮೊದಲು ಅಚ್ಚನ್ನೂ ಬಿಸಿ ಮಾಡಿ ಅಂದಿರಿ. ಸೀಸ 327 ಡಿಗ್ರಿಗೇ ಕರಗುತ್ತದೆ, ಆದರೆ ತಣ್ಣನೆ ಅಚ್ಚಿಗೆ ಬಿದ್ದರೆ ತುಂಬುವ ಮೊದಲೇ ಗಟ್ಟಿ, ಅಲ್ವಾ. ಈ ಮಳೆಯಲ್ಲಿ ಒಣಗಿಸುವುದೇ ದೊಡ್ಡ ಕೆಲಸ, ಒಂದು ಹನಿ ನೀರಿದ್ದರೂ ಸೀಸ ಸಿಡಿಯುತ್ತದೆ. ಬಚ್ಚಲೊಲೆ ಪಕ್ಕ ಎರಡು ದಿನ ಇಟ್ಟೆ. ನಿನ್ನೆ ಹೊಯ್ದ ಹನ್ನೆರಡೂ ನುಣ್ಣಗೆ ಬಂದವು. ಮುಂದಿನ ಸಂತೆಗೂ ಬನ್ನಿ ಅಣ್ಣಾ, ಕಾಫಿ ಕುಡಿಸುತ್ತೇನೆ.