ಪುಸ್ತಕ ಕಳೆದರೆ ಮೇಷ್ಟ್ರ ತಲೆಗೆ ಕಟ್ಟಬೇಡಿ: ಶಿಕ್ಷಣ ಸಚಿವರಿಗೊಂದು ಬಹಿರಂಗ ಪತ್ರ

ಮಾನ್ಯ ಶಾಲಾ ಶಿಕ್ಷಣ ಸಚಿವರಿಗೆ,
ಕರ್ನಾಟಕ ಸರ್ಕಾರ

ಸರ್, ನಮಸ್ಕಾರ.

ನನ್ನ ಮಗಳು ಸರ್ಕಾರಿ ಹೈಸ್ಕೂಲಿನಲ್ಲಿ ಒಂಬತ್ತನೇ ಕ್ಲಾಸು ಓದುತ್ತಿದ್ದಾಳೆ. ಅವಳ ಶಾಲೆಯಲ್ಲಿ ಲೈಬ್ರರಿ ಇದೆ. ಇಲ್ಲ ಅಂತ ಯಾರಾದರೂ ದೂರು ಕೊಟ್ಟರೆ ನಂಬಬೇಡಿ. ಸ್ಟಾಫ್ ರೂಮಿನ ಮೂಲೆಯಲ್ಲಿ ಎರಡು ಕಬ್ಬಿಣದ ಬೀರು, ಒಂದು ಸ್ಟಾಕ್ ರಿಜಿಸ್ಟರ್. ಬೀರುಗಳಿಗೆ ಬೀಗ. ಕೀಲಿ ಒಬ್ಬ ಮೇಷ್ಟ್ರ ಹತ್ತಿರ. ಅವರು ಪಾಠ ಮಾಡುತ್ತಿದ್ದರೆ ಕೀಲಿ ಕೇಳುವ ಹಾಗಿಲ್ಲ, ಪಾಠ ಮುಗಿದ ಮೇಲೆ ಕೇಳಿದರೆ ಮನೆಗೆ ಹೋಗೋ ಹೊತ್ತು.

ಹೊಸ ಕಟ್ಟಡ ಕೊಡಿ, ಕಂಪ್ಯೂಟರ್ ಕೊಡಿ ಅಂತ ಕೇಳಲು ಬರೆಯುತ್ತಿಲ್ಲ. ಆ ಬೀಗ ತೆಗೆಸಿ. ಅಷ್ಟೇ. ನಿಮ್ಮ ಇಲಾಖೆ ಒಂದು ಸುತ್ತೋಲೆ ಕಳಿಸಿದರೆ ಆಗುವ ಕೆಲಸ ಇದು.

ಇಷ್ಟು ದಿನ ಸುಮ್ಮನಿದ್ದೆ. ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಸಭೆಯಲ್ಲಿ ಹೇಳಿದೆ, ‘ನೋಡೋಣ’ ಅಂದರು. ಅರ್ಜಿ ಬರೆದುಕೊಟ್ಟೆ, ಸೀಲು ಹಾಕಿ ಇಟ್ಟುಕೊಂಡರು. ಆದರೆ ಹೋದ ತಿಂಗಳು ನಡೆದದ್ದನ್ನು ಕೇಳಿದ ಮೇಲೆ ಸುಮ್ಮನಿರೋಕೆ ಆಗಲಿಲ್ಲ. ಸ್ವಲ್ಪ ಉದ್ದವಾಗಿಯೇ ಹೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ.

ಮೇಲಿನಿಂದ ಸಾಹೇಬರು ತಪಾಸಣೆಗೆ ಬರುತ್ತಾರೆ ಅಂತ ಸುದ್ದಿ ಬಂತು. ಹಿಂದಿನ ದಿನವೇ ಬೀರು ತೆಗೆದರು. ಧೂಳು ಹೊಡೆಯುವ ಕೆಲಸ ಮಕ್ಕಳಿಗೇ. ಕೆಳಗಿನ ಖಾನೆಯ ಪುಸ್ತಕಗಳಿಗೆ ಗೆದ್ದಲು ಹಿಡಿದು, ಎತ್ತಿದರೆ ಮಣ್ಣು ಉದುರುತ್ತಿತ್ತಂತೆ. ಅವನ್ನು ಹಿಂದಕ್ಕೆ ತಳ್ಳಿ ಮುಂದೆ ಚೆನ್ನಾಗಿರುವುದನ್ನು ಜೋಡಿಸಿದರು. ಗೋಡೆಯಿಂದ ಗೋಡೆಗೆ ಹಗ್ಗ ಕಟ್ಟಿ ಪುಸ್ತಕ ನೇತುಹಾಕಿದರು. ‘ಓದುವ ಮೂಲೆ’ ಅಂತ ಚಾರ್ಟ್ ಅಂಟಿಸಿದರು. ಯೂನಿಫಾರಂ ನೀಟಾಗಿರುವ ಮಕ್ಕಳನ್ನು ಆರಿಸಿ, ಒಬ್ಬೊಬ್ಬರ ಕೈಗೆ ಒಂದೊಂದು ಪುಸ್ತಕ ಕೊಟ್ಟು ಕೂರಿಸಿದರು. ನನ್ನ ಮಗಳೂ ಅದರಲ್ಲಿ ಒಬ್ಬಳು.

ಸಾಹೇಬರು ತಡವಾಗಿ ಬಂದರು. ಎಡವಟ್ಟಾಗಿದ್ದು ಅಲ್ಲೇ. ಕೂತು ಕೂತು ಬೇಜಾರಾಗಿ ಇವಳು ಆ ಪುಸ್ತಕವನ್ನು ನಿಜವಾಗಿಯೂ ಓದಲು ಶುರು ಮಾಡಿಬಿಟ್ಟಳು.

ನನ್ನ ಮಗಳು ಓದುವ ಹುಡುಗಿ ಅಲ್ಲ ಸರ್. ಪಠ್ಯಪುಸ್ತಕ ಬಿಟ್ಟರೆ ಫೋನು. ಅಂಥವಳು ಒಂದೇ ಸಮ ನಲವತ್ತೊಂದನೇ ಪುಟದ ತನಕ ಹೋಗಿದ್ದಾಳೆ. ಕಾಣೆಯಾದ ಅಣ್ಣನನ್ನು ಹುಡುಕಿಕೊಂಡು ಒಬ್ಬ ಹುಡುಗ ಪಾಳು ಬಾವಿಗೆ ಇಳಿಯುವ ಕಥೆ. ಅವನು ಅರ್ಧ ಇಳಿದಿದ್ದಾನೆ, ಮೇಲೆ ಯಾರೋ ಹಗ್ಗ ಎಳೆಯುತ್ತಿದ್ದಾರೆ. ಅಷ್ಟರಲ್ಲಿ ಸಾಹೇಬರು ಬಂದರು, ಫೋಟೋ ತೆಗೆದರು, ‘ವೆರಿ ಗುಡ್’ ಅಂದರು, ಹೊರಟರು. ಜೀಪು ಗೇಟು ದಾಟಿದ್ದೇ ತಡ ಪುಸ್ತಕ ವಾಪಸ್ ತೆಗೆದುಕೊಳ್ಳಲು ಶುರು. ಇವಳು ಕೇಳಿದ್ದಾಳೆ: ‘ಸರ್, ಇವತ್ತೊಂದಿನ ಮನೆಗೆ ತಗೊಂಡು ಹೋಗ್ಲಾ? ನಾಳೆ ತಂದುಕೊಡ್ತೀನಿ.’

‘ಲೆಕ್ಕ ತಪ್ಪುತ್ತಮ್ಮ, ಕೊಡು.’

ಬೀಗ ಬಿತ್ತು. ಹಗ್ಗವೂ ಬಿಚ್ಚಿದರು. ಚಾರ್ಟ್ ಮಾತ್ರ ಇನ್ನೂ ಇದೆ. ಸಂಜೆ ಆ ಫೋಟೋ ಪೋಷಕರ ವಾಟ್ಸಾಪ್ ಗ್ರೂಪಿಗೆ ಬಂತು, ‘ನಮ್ಮ ಶಾಲೆಯಲ್ಲಿ ಓದುವ ಸಂಭ್ರಮ’ ಅಂತ. ಕೆಳಗೆ ಸಾಲಾಗಿ ಹೆಬ್ಬೆರಳು. ಇವಳು ಊಟಕ್ಕೆ ಕೂತಾಗ ‘ಅಮ್ಮಾ, ಆ ಹುಡುಗ ಮೇಲೆ ಬಂದಿರ್ತಾನಾ?’ ಅಂತ ಕೇಳಿದಳು. ನನಗೇನು ಗೊತ್ತು? ನಿಮ್ಮ ಇಲಾಖೆಯ ಬೀರಿನಲ್ಲಿದೆ ಉತ್ತರ.

ಮರುದಿನ ನಾನೇ ಹೋಗಿ ಹೆಡ್ ಮಾಸ್ಟರನ್ನು ಕೇಳಿದೆ. ಒಳ್ಳೆಯ ಮನುಷ್ಯ. ಬಾಗಿಲು ಮುಂದೆ ಮಾಡಿ ಹೇಳಿದರು: ‘ತಪ್ಪು ತಿಳೀಬೇಡಿ ಮೇಡಂ. ಒಂದು ಪುಸ್ತಕ ಕಡಿಮೆ ಆದರೂ ನಾವು ಉತ್ತರ ಕೊಡಬೇಕು. ಟ್ರಾನ್ಸ್‌ಫರ್ ಆದಾಗ ಚಾರ್ಜ್ ಕೊಡಬೇಕಲ್ಲ, ಆಗ ಯಾರೋ ಯಾವಾಗಲೋ ಕಳೆದದ್ದೂ ನಮ್ಮ ತಲೆಗೇ ಬರುತ್ತೆ.’ ಅವರಿಗಿಂತ ಮುಂಚೆ ಇದ್ದ ಒಬ್ಬರು ಕೈಯಿಂದ ದುಡ್ಡು ಕಟ್ಟಿ ಹೋದರಂತೆ. ಆ ಮೇಷ್ಟ್ರುಗಳ ಮೇಲೆ ನನಗೆ ಸಿಟ್ಟಿಲ್ಲ. ಸಂಬಳದಿಂದ ಕಟ್ಟಬೇಕಾಗುತ್ತೆ ಅಂದರೆ ನಾನಾದರೂ ಬೀಗವೇ ಹಾಕುತ್ತಿದ್ದೆ. ಸಿಟ್ಟು ಇರುವುದು ಆ ಹೆದರಿಕೆಯನ್ನು ಹಾಗೇ ಬಿಟ್ಟಿರುವವರ ಮೇಲೆ.

ಇದರ ಮಜಾ ನೋಡಿ ಸರ್. ಗೆದ್ದಲು ತಿಂದ ಪುಸ್ತಕ ಸ್ಟಾಕಿನಲ್ಲಿ ‘ಇದೆ’. ಯಾರೂ ಪ್ರಶ್ನೆ ಕೇಳುವುದಿಲ್ಲ. ಹುಡುಗಿ ಮನೆಗೆ ಒಯ್ದು ಓದಿ, ಎಲ್ಲೋ ಬಸ್ಸಿನಲ್ಲಿ ಬಿಟ್ಟರೆ ಅದು ‘ನಷ್ಟ’. ಅಂದರೆ ನಿಮ್ಮ ರಿಜಿಸ್ಟರಿನ ಪ್ರಕಾರ ಗೆದ್ದಲು ನನ್ನ ಮಗಳಿಗಿಂತ ಜವಾಬ್ದಾರಿಯುತ ಓದುಗ.

ನಿಯಮ ನಿಮಗೆ ಗೊತ್ತಿಲ್ಲ ಅಂತ ನಾನು ಹೇಳುವುದಿಲ್ಲ. ಕೇಂದ್ರ ಸರ್ಕಾರದ ಸಾಮಾನ್ಯ ಹಣಕಾಸು ನಿಯಮಗಳು, 2017. ಅದರ 215ನೇ ನಿಯಮ ಲೈಬ್ರರಿ ಪುಸ್ತಕಗಳ ತಪಾಸಣೆಯದ್ದು. ಓದಲು ಕೊಟ್ಟ ಪ್ರತಿ 1,000 ಪುಸ್ತಕಕ್ಕೆ ವರ್ಷಕ್ಕೆ 5 ಕಳೆದರೆ ಅದನ್ನು ಸಹಜ ನಷ್ಟ ಅಂತ ಒಪ್ಪಬಹುದು ಎನ್ನುತ್ತದೆ. ಮೋಸ, ನಿರ್ಲಕ್ಷ್ಯ ಇರಬಾರದು, ಅಷ್ಟೇ. 1,000 ರೂಪಾಯಿಗಿಂತ ಜಾಸ್ತಿ ಬೆಲೆಯದ್ದು ಅಥವಾ ಅಪರೂಪದ್ದು ಕಳೆದರೆ ಮಾತ್ರ ವಿಚಾರಣೆ ಆಗಲೇಬೇಕು. ಇದು ಕೇಂದ್ರದ ನಿಯಮ, ರಾಜ್ಯದ ಶಾಲೆಗೆ ಸೀದಾ ಅನ್ವಯಿಸುವುದಿಲ್ಲ ಅಂತ ನಿಮ್ಮ ಅಧಿಕಾರಿಗಳು ಹೇಳಬಹುದು. ಸರಿ. ಹಾಗಾದರೆ ಅಂಥದ್ದೇ ಒಂದು ಮಾತನ್ನು ನಮ್ಮ ಶಾಲೆಗಳಿಗೂ ತಲುಪಿಸಿ. ಕೇಂದ್ರದ ಆ ನಿಯಮದಲ್ಲಿ ಲೆಕ್ಕ ಹಾಕುವುದು ಬೀರಿನಲ್ಲಿ ಇಟ್ಟ ಪುಸ್ತಕದ ಮೇಲಲ್ಲ, ಓದಲು ಕೊಟ್ಟ ಪುಸ್ತಕದ ಮೇಲೆ. ಜಾಸ್ತಿ ಕೊಟ್ಟರೆ ಜಾಸ್ತಿ ವಿನಾಯಿತಿ. ಬರೆದವರು ಯಾರೋ ತಿಳಿದವರೇ ಇರಬೇಕು.

ಇನ್ನು ಶಿಕ್ಷಣ ಹಕ್ಕು ಕಾಯ್ದೆ, 2009. ಪ್ರತಿ ಶಾಲೆಯಲ್ಲೂ ಲೈಬ್ರರಿ ಇರಬೇಕು, ಅಲ್ಲಿ ಪೇಪರು, ಪತ್ರಿಕೆ, ಎಲ್ಲ ವಿಷಯದ ಪುಸ್ತಕ, ಕಥೆ ಪುಸ್ತಕವೂ ಸಿಗಬೇಕು ಅಂತ ಅದರ ಅನುಸೂಚಿಯಲ್ಲೇ ಇದೆ. ಕಥೆ ಪುಸ್ತಕ ಅಂತ ಬಿಡಿಸಿ ಬರೆದಿದ್ದಾರೆ ನೋಡಿ. ಆದರೆ ಆ ಕಾಯ್ದೆ ಎಂಟನೇ ಕ್ಲಾಸಿಗೆ ಮುಗಿಯುತ್ತದೆ. ಹಾಗಾಗಿ ಒಂದೇ ಹೈಸ್ಕೂಲಿನ ಒಂದೇ ಬೀರು ಎಂಟನೆಯವರಿಗೆ ಹಕ್ಕು, ಒಂಬತ್ತನೆಯವರಿಗೆ ಯಾರದೋ ದಯೆ. ಬೀಗ ಮಾತ್ರ ಇಬ್ಬರಿಗೂ ಸಮಾನವಾಗಿ ಹಾಕಿದ್ದಾರೆ, ಆ ಮಟ್ಟಿಗೆ ತಾರತಮ್ಯ ಇಲ್ಲ.

ದುಡ್ಡಿಲ್ಲ ಅನ್ನೋ ಹಾಗೂ ಇಲ್ಲ. ಸಮಗ್ರ ಶಿಕ್ಷಣ ಯೋಜನೆಯಲ್ಲಿ ಲೈಬ್ರರಿಗೆ ಅಂತಲೇ ಅನುದಾನ ಇದೆ. ಪುಸ್ತಕ ಬರುತ್ತೆ, ರಿಜಿಸ್ಟರಿಗೆ ಏರುತ್ತೆ, ಬೀರು ಸೇರುತ್ತೆ. ‘ಪುಸ್ತಕ ಇರುವುದು ಬಳಸಲಿಕ್ಕೆ’. ನಮ್ಮ ದೇಶದಲ್ಲಿ ಗ್ರಂಥಾಲಯ ವಿಜ್ಞಾನಕ್ಕೆ ತಳಹದಿ ಹಾಕಿದ ಎಸ್.ಆರ್. ರಂಗನಾಥನ್ 1931ರಲ್ಲಿ ಹೇಳಿದ ಐದು ಸೂತ್ರಗಳಲ್ಲಿ ಮೊದಲನೆಯದೇ ಇದು. ಅವರು ಕೊನೆಯ ವರ್ಷಗಳನ್ನು ಕಳೆದದ್ದು ನಿಮ್ಮ ವಿಧಾನಸೌಧ ಇರುವ ಬೆಂಗಳೂರಿನಲ್ಲೇ. ಅವರ ಹೆಸರಲ್ಲಿ ಪ್ರತಿ ಆಗಸ್ಟ್ 12ಕ್ಕೆ ಗ್ರಂಥಪಾಲಕರ ದಿನ ಮಾಡುತ್ತಾರೆ. ನಮ್ಮ ಶಾಲೆಯಲ್ಲಿ ಯಾರಿಗೆ ಹಾರ ಹಾಕಬೇಕೋ ಗೊತ್ತಿಲ್ಲ, ಗ್ರಂಥಪಾಲಕರೇ ಇಲ್ಲವಲ್ಲ.

ಪಕ್ಕದ ಇಲಾಖೆಯವರು ಏನು ಮಾಡಿದರು ಅಂತಲೂ ನಿಮಗೆ ಗೊತ್ತು. ಗ್ರಾಮ ಪಂಚಾಯಿತಿ ಗ್ರಂಥಾಲಯಗಳಲ್ಲಿ ಮಕ್ಕಳಿಗೆ ಉಚಿತ ಸದಸ್ಯತ್ವ ಕೊಟ್ಟು ‘ಓದುವ ಬೆಳಕು’ ಶುರು ಮಾಡಿದ್ದು ಇದೇ ರಾಜ್ಯದಲ್ಲಿ, 2020ರಲ್ಲಿ. ಊರಿನ ಲೈಬ್ರರಿ ಮಗುವಿನ ಕೈಗೆ ಪುಸ್ತಕ ಕೊಡಬಹುದಾದರೆ ಶಾಲೆಯ ಲೈಬ್ರರಿಗೆ ಏನು ಕಷ್ಟ?

ವೇದಿಕೆ ಹತ್ತಿದವರೆಲ್ಲ ‘ಈಗಿನ ಮಕ್ಕಳು ಓದಲ್ಲ’ ಅನ್ನುತ್ತಾರೆ. ಹದಿನಾಲ್ಕು ವರ್ಷದವರಿಗೆ ಏನು ಬೇಕು ಅಂತ ಯಾರೂ ಕೇಳಿಲ್ಲ. ಅವರಿಗೆ ದೆವ್ವ ಬೇಕು, ಕೊಲೆ ಮಾಡಿದ್ದು ಯಾರು ಅಂತ ಬೇಕು, ಕ್ರಿಕೆಟ್ ಬೇಕು, ಕಾಮಿಕ್ಸ್ ಬೇಕು, ತಮ್ಮ ಥರದ ಹುಡುಗ ಹುಡುಗಿಯರ ಪ್ರೀತಿ, ಜಗಳ ಬೇಕು. ಬೀರಿನಲ್ಲಿ ಜಾಸ್ತಿ ಇರುವುದು ಮಹನೀಯರ ಜೀವನಚರಿತ್ರೆ, ಪ್ರಬಂಧ ಮಾಲೆ, ಮೂರನೇ ಕ್ಲಾಸಿನವರಿಗೆ ಬರೆದ ಮೊಲದ ಕಥೆ. ಮೀಸೆ ಚಿಗುರುತ್ತಿರುವ ಹುಡುಗನ ಕೈಗೆ ಮೊಲದ ಕಥೆ ಕೊಟ್ಟರೆ ಅವನು ಫೋನು ಹಿಡಿಯದೆ ಇನ್ನೇನು ಮಾಡುತ್ತಾನೆ? ಅಪ್ಪಿತಪ್ಪಿ ಓದಿದರೆ ‘ಸಾರಾಂಶ ಬರೆದುಕೊಂಡು ಬಾ’. ಅಲ್ಲಿಗೆ ಮುಗೀತು. ವೇಳಾಪಟ್ಟಿಯಲ್ಲಿ ಲೈಬ್ರರಿ ಪೀರಿಯಡ್ ಇದೆ, ಅದರಲ್ಲಿ ಗಣಿತದ ಪೋರ್ಷನ್ ಮುಗಿಸುತ್ತಾರೆ. ಎಸ್ಸೆಸ್ಸೆಲ್ಸಿ ಹತ್ತಿರ ಬಂದರಂತೂ ಕೇಳುವುದೇ ಬೇಡ.

ಆದರೂ ನನ್ನ ಬೇಡಿಕೆ ಬೀಗದಿಂದಲೇ ಶುರು. ಬೀರು ತೆರೆದಿರಲಿ. ಮಕ್ಕಳೇ ಕೈಹಾಕಿ ತೆಗೆದು ನೋಡಲಿ, ಬೇಡ ಅನಿಸಿದರೆ ನಾಲ್ಕನೇ ಪುಟಕ್ಕೇ ವಾಪಸ್ ಇಡಲಿ. ರಿಜಿಸ್ಟರ್ ಬರೆಯಲು ಒಂಬತ್ತನೇ ಕ್ಲಾಸಿನ ಇಬ್ಬರು ಸಾಕು, ಮೇಷ್ಟ್ರಿಗಿಂತ ಕಟ್ಟುನಿಟ್ಟಾಗಿ ವಸೂಲಿ ಮಾಡುತ್ತಾರೆ. ಒಬ್ಬ ಹುಡುಗಿ ‘ಇದು ಸಖತ್ತಾಗಿದೆ ಕಣೇ’ ಅಂದರೆ ಸಾಕು, ಪುಸ್ತಕ ಇಡೀ ಕ್ಲಾಸು ಸುತ್ತುತ್ತದೆ. ನಾವು ಹೇಳಿದರೆ ಯಾರು ಕೇಳ್ತಾರೆ, ಅಲ್ವಾ? ಕೆಲವು ಹರಿಯುತ್ತವೆ, ಕೆಲವು ಕಳೆದೇ ಹೋಗುತ್ತವೆ. ಹೋಗಲಿ ಬಿಡಿ. ಹೇಗಿದ್ದರೂ ಗೆದ್ದಲಿಗೆ ಬಿಟ್ಟಿದ್ದೀರಲ್ಲ.

ಸುತ್ತೋಲೆ ತಯಾರಿಸಲು ಸಮಿತಿ ಮಾಡುವುದು ಬೇಡ. ಕರಡು ನಾನೇ ಕೊಡುತ್ತೇನೆ, ಭಾಷೆ ಸರಿ ಇಲ್ಲದಿದ್ದರೆ ತಿದ್ದಿಕೊಳ್ಳಿ:

‘ಶಾಲಾ ಗ್ರಂಥಾಲಯದ ಪುಸ್ತಕಗಳನ್ನು ವಿದ್ಯಾರ್ಥಿಗಳಿಗೆ ಮನೆಗೆ ಓದಲು ಕೊಡತಕ್ಕದ್ದು. ಓದಲು ಕೊಟ್ಟಾಗ ಸಹಜವಾಗಿ ಆಗುವ ನಷ್ಟವನ್ನು ಯಾವುದೇ ಶಿಕ್ಷಕರಿಂದ ವಸೂಲು ಮಾಡತಕ್ಕದ್ದಲ್ಲ. ತಪಾಸಣೆಗೆ ಬರುವ ಅಧಿಕಾರಿಗಳು ಬೀರಿನಲ್ಲಿ ಎಷ್ಟು ಪುಸ್ತಕ ಇವೆ ಎಂದು ಕೇಳುವ ಬದಲು, ಈ ತಿಂಗಳು ಎಷ್ಟು ಪುಸ್ತಕ ಹೊರಗೆ ಹೋಗಿವೆ ಎಂದು ಕೇಳತಕ್ಕದ್ದು.’

ಇದಕ್ಕೆ ಸಹಿ ಹಾಕಿ, ನಮ್ಮ ಹೆಡ್ ಮಾಸ್ಟರ ಟೇಬಲ್ಲಿಗೆ ತಲುಪುವ ಹಾಗೆ ಮಾಡಿ. ಬೇಸಿಗೆ ರಜೆ ಶುರುವಾಗುವ ಮುಂಚೆ ಬಂದರೆ ಉಪಕಾರ. ರಜೆಯಲ್ಲಿ ಬೀರು ತೆಗೆಯೋರು ಯಾರೂ ಇರುವುದಿಲ್ಲ.

ಇಂತಿ,
ಒಂಬತ್ತನೇ ಕ್ಲಾಸಿನ ಹುಡುಗಿಯ ತಾಯಿ